‘ಒಪ್ಪಿಕೊಂಡೇ ಹೋದರಲ್ಲ?’ ಅನ್ನುವವರಿಗೆ

ಮಾನವ ಕಳ್ಳಸಾಗಣೆ ಕೇಸುಗಳಲ್ಲಿ ಸಂತ್ರಸ್ತರ ಪರವಾಗಿ ವಾದಿಸುವಾಗ ನನಗೆ ಪದೇ ಪದೇ ಎದುರಾಗುವ ಮಾತು ಒಂದಿದೆ. “ಅವರಾಗಿಯೇ ಒಪ್ಪಿಕೊಂಡು ಹೋದರಲ್ಲ? ಬಾಗಿಲಿಗೆ ಬೀಗ ಇರಲಿಲ್ಲ, ಕೈಯಲ್ಲಿ ಮೊಬೈಲೂ ಇತ್ತು. ಬಿಟ್ಟು ಬರಬಹುದಿತ್ತಲ್ಲ?” ಪೊಲೀಸರು ಇದನ್ನು ಕೇಳುತ್ತಾರೆ. ಎದುರು ಪಕ್ಷದ ವಕೀಲರು ಕೇಳುತ್ತಾರೆ. ಕೆಲವೊಮ್ಮೆ ಮನೆಯವರೇ ಕೇಳುತ್ತಾರೆ. ಇದಕ್ಕೆ ಸರಿಯಾದ ಉತ್ತರ ಸಿಗದೆ ಕೇಸುಗಳು ಬಿದ್ದುಹೋಗುತ್ತವೆ. ಹಾಗಾಗಿ ಇವತ್ತು ಇದೊಂದನ್ನೇ ಬಿಡಿಸಿ ಹೇಳುತ್ತೇನೆ.

ಮೊದಲು ಕಾನೂನು. ಮಾನವ ಕಳ್ಳಸಾಗಣೆಗೆ ಜಗತ್ತಿನ ಬಹುತೇಕ ದೇಶಗಳು ಒಪ್ಪಿರುವ ವ್ಯಾಖ್ಯೆ ಇರುವುದು 2000ದಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂತಾರಾಷ್ಟ್ರೀಯ ಒಪ್ಪಂದವಾದ ಪಲೆರ್ಮೊ ಪ್ರೋಟೋಕಾಲ್‌ನಲ್ಲಿ. ಅದರ ಪ್ರಕಾರ ಮೂರು ಸಂಗತಿ ಸೇರಬೇಕು. ಒಬ್ಬರನ್ನು ಸೇರಿಸಿಕೊಂಡಿರಬೇಕು, ಸಾಗಿಸಿರಬೇಕು ಅಥವಾ ಇರಿಸಿಕೊಂಡಿರಬೇಕು. ಅದಕ್ಕೆ ಬಲ, ಬೆದರಿಕೆ, ಮೋಸ ನಡೆದಿರಬೇಕು, ಇಲ್ಲವೇ ಅವರ ಅಸಹಾಯಕತೆಯನ್ನು ಬಳಸಿಕೊಂಡಿರಬೇಕು. ಉದ್ದೇಶ ಶೋಷಣೆ ಆಗಿರಬೇಕು. ಹೀಗೆ ಮೋಸವೋ ಬೆದರಿಕೆಯೋ ನಡೆದಿದ್ದರೆ, ಸಂತ್ರಸ್ತರು ಒಪ್ಪಿದ್ದರು ಅನ್ನುವ ವಾದಕ್ಕೆ ಬೆಲೆಯಿಲ್ಲ ಎಂದು ಅದೇ ಪ್ರೋಟೋಕಾಲ್ ನೇರವಾಗಿ ಹೇಳುತ್ತದೆ. 18 ವರ್ಷದೊಳಗಿನವರ ವಿಷಯದಲ್ಲಂತೂ ಮೋಸ, ಬೆದರಿಕೆಯನ್ನು ತೋರಿಸಲೇಬೇಕಾಗಿಲ್ಲ. ಗಡಿ ದಾಟಿರಬೇಕು ಅನ್ನುವುದೂ ತಪ್ಪು ತಿಳಿವಳಿಕೆ. ತಮ್ಮದೇ ದೇಶದೊಳಗೆ ಸಿಕ್ಕಿಬಿದ್ದವರು ಬಹಳ ಜನ.

ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಜನರ ಅನುಮಾನ ಹೋಗುವುದಿಲ್ಲ. ಯಾಕೆಂದರೆ ಬೀಗವಿಲ್ಲದೆ ಮನುಷ್ಯರನ್ನು ಹಿಡಿದಿಡುವುದು ಹೇಗೆ ಅನ್ನುವುದು ಹೊರಗಿನವರಿಗೆ ಕಾಣುವುದಿಲ್ಲ.

ಹೆಚ್ಚಿನ ಕಡೆ ಅದು ನಡೆಯುವುದು ಸಾಲದ ಮೂಲಕ. ಕೆಲಸ ಕೊಡಿಸುವ ಏಜೆಂಟ್ ಮೊದಲು ಶುಲ್ಕ ಕೇಳುತ್ತಾನೆ. ದುಡ್ಡಿಲ್ಲದವರು ಬಡ್ಡಿಗೆ ತರುತ್ತಾರೆ, ಇಲ್ಲವೇ ಏಜೆಂಟೇ “ಸಂಬಳದಲ್ಲಿ ಮುರಿದುಕೊಳ್ಳೋಣ ಬಿಡಿ” ಅನ್ನುತ್ತಾನೆ. ಅಲ್ಲಿಗೆ ಹೋದ ಮೇಲೆ ಕೆಲಸ ಬೇರೆ, ಸಂಬಳ ಬೇರೆ. ಪ್ರಯಾಣದ ಖರ್ಚು, ಮಲಗುವ ಜಾಗದ ಬಾಡಿಗೆ, ಊಟ, ಸಮವಸ್ತ್ರ, ತಡವಾಗಿ ಬಂದಿದ್ದಕ್ಕೆ ದಂಡ, ಜ್ವರ ಬಂದು ಮಲಗಿದ್ದಕ್ಕೂ ದಂಡ. ಎಲ್ಲವೂ ಸಾಲಕ್ಕೆ ಸೇರುತ್ತವೆ. ಲೆಕ್ಕದ ಪುಸ್ತಕ ಮಾಲೀಕನ ಕೈಯಲ್ಲಿ. ದುಡಿದಷ್ಟೂ ಸಾಲ ಬೆಳೆಯುತ್ತದೆ. ಸಂಬಳ ಕೇಳಿದರೆ “ಕೊನೆಗೆ ಒಟ್ಟಿಗೆ ಕೊಡ್ತೀವಿ” ಅನ್ನುತ್ತಾರೆ. ಇದು ಅತ್ಯಂತ ಬಿಗಿಯಾದ ಹಿಡಿತ. ಎಂಟು ತಿಂಗಳ ಸಂಬಳ ಬಾಕಿ ಇರುವಾಗ ಯಾರು ಬಿಟ್ಟು ಹೋಗುತ್ತಾರೆ ಹೇಳಿ? ಹೋದರೆ ಆ ದುಡಿಮೆಯೂ ಹೋಯಿತು, ಸಾಲವೂ ಉಳಿಯಿತು. ಸಾಲ ಕೊಟ್ಟವನು ಮನೆಯವರ ಮುಂದೆ ಹೋಗಿ ನಿಲ್ಲುತ್ತಾನೆ.

ಇದರ ಮೇಲೆ ಪಾಸ್‌ಪೋರ್ಟ್ ಕಿತ್ತುಕೊಳ್ಳುತ್ತಾರೆ. ಕೆಲವು ದೇಶಗಳಲ್ಲಿ ವೀಸಾವೇ ಒಬ್ಬ ಮಾಲೀಕನಿಗೆ ಕಟ್ಟಿಹಾಕಿರುತ್ತದೆ. ಕೊಲ್ಲಿ ರಾಷ್ಟ್ರಗಳ ಕಫಾಲಾ ವ್ಯವಸ್ಥೆ ಬೆಳೆದಿದ್ದು ಹೀಗೇ. ಕೆಲವು ಕಡೆ ಅದನ್ನು ಸಡಿಲಿಸಿದ್ದಾರೆ ನಿಜ. ಆದರೆ ಮಾಲೀಕನನ್ನು ಬಿಟ್ಟ ಕ್ಷಣ ಕೆಲಸಗಾರ ‘ಅಕ್ರಮ ವಾಸಿ’ ಆಗುವ ನಿಯಮ ಎಲ್ಲೇ ಇರಲಿ, ಅದು ಮಾಲೀಕನ ಕೈಗೆ ಕೊಟ್ಟ ಬೀಗದ ಕೈ. ಪೊಲೀಸರ ಹತ್ತಿರ ಹೋದರೆ ತನ್ನನ್ನೇ ಒಳಗೆ ಹಾಕುತ್ತಾರೆ ಅನ್ನುವ ಭಯ ಸುಮ್ನೆ ಹುಟ್ಟಿದ್ದಲ್ಲ.

ಭಾರತದ ಸುಪ್ರೀಂ ಕೋರ್ಟ್ ಇದನ್ನು 1982ರಲ್ಲೇ ಗುರುತಿಸಿತ್ತು. ಏಷ್ಯನ್ ಗೇಮ್ಸ್ ಕಾಮಗಾರಿಯ ಕೂಲಿಗಳ ಪ್ರಕರಣ ಅದು. ಬಲವಂತ ಅಂದರೆ ಹೊಡೆತ, ಬಂದೂಕು ಮಾತ್ರ ಅಲ್ಲ, ಹಸಿವು ಬಡತನಗಳ ಒತ್ತಾಯವೂ ಬಲವಂತವೇ ಎಂದು ನ್ಯಾಯಾಲಯ ಹೇಳಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದನ್ನು ಬಲವಂತದ ದುಡಿಮೆ ಎಂದೇ ಕರೆಯಿತು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಬಂದ ಅತ್ಯುತ್ತಮ ತೀರ್ಪುಗಳಲ್ಲಿ ಅದೂ ಒಂದು.

ಬಲಿಯಾಗುವವರು ಓದು ಬರಹ ಬಾರದವರು ಎಂದುಕೊಂಡಿದ್ದರೆ ಅದನ್ನೂ ಬಿಟ್ಟುಬಿಡಿ. ಮ್ಯಾನ್ಮಾರ್, ಕಾಂಬೋಡಿಯಾಗಳ ಆನ್‌ಲೈನ್ ವಂಚನೆ ಕೇಂದ್ರಗಳಲ್ಲಿ ಸಿಕ್ಕಿಬಿದ್ದವರಲ್ಲಿ ಪದವೀಧರರು, ಕಂಪ್ಯೂಟರ್ ಬಲ್ಲವರು, ಹಲವು ಭಾಷೆ ಮಾತಾಡುವವರು ಇದ್ದಾರೆ. 2023ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಕೊಟ್ಟ ಅಂದಾಜಿನಂತೆ ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000 ಮತ್ತು ಕಾಂಬೋಡಿಯಾದಲ್ಲಿ ಸುಮಾರು 1,00,000 ಮಂದಿಯನ್ನು ಹೀಗೆ ಬಲವಂತವಾಗಿ ವಂಚನೆಗೆ ಹಚ್ಚಿರಬಹುದು. ಜಾಹೀರಾತು ನೋಡಿ ಅರ್ಜಿ ಹಾಕಿ, ಸಂದರ್ಶನ ಕೊಟ್ಟು ಹೋದವರು ಇವರು. ತಪ್ಪಿಸಿಕೊಂಡು ಬಂದವರನ್ನು ವಂಚಕರೆಂದೇ ನೋಡುವುದೂ ಇದೆ. ಬಲವಂತಕ್ಕೆ ಸಿಕ್ಕಿ ಮಾಡಿದ ಅಪರಾಧಕ್ಕೆ ಸಂತ್ರಸ್ತರ ಮೇಲೆ ಕೇಸು ಹಾಕದೆ ಬಿಡುವ ಅಧಿಕಾರ ಅಧಿಕಾರಿಗಳಿಗೆ ಇರಬೇಕು ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2014ರ ಪ್ರೋಟೋಕಾಲ್ ಹೇಳುತ್ತದೆ. ಆ ಮಾತು ಠಾಣೆಯವರೆಗೆ ಇನ್ನೂ ಇಳಿದಿಲ್ಲ.

ಒಟ್ಟು ಚಿತ್ರ ಇನ್ನೂ ದೊಡ್ಡದು. 2021ರಲ್ಲಿ ಆಧುನಿಕ ಗುಲಾಮಗಿರಿಯಲ್ಲಿದ್ದವರು ಸುಮಾರು 5 ಕೋಟಿ ಎಂಬುದು ಇದೇ ಕಾರ್ಮಿಕ ಸಂಘಟನೆ ಮತ್ತು ಜೊತೆಗಾರ ಸಂಸ್ಥೆಗಳ ಅಂದಾಜು. ಇದರಲ್ಲಿ 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿ, 2.2 ಕೋಟಿ ಜನ ಬಲವಂತದ ಮದುವೆಯಲ್ಲಿ. ಈ ವಿಷಯ ಬಂದ ಕೂಡಲೇ ನಮಗೆಲ್ಲ ನೆನಪಾಗುವುದು ಲೈಂಗಿಕ ಶೋಷಣೆ, ಅಲ್ವಾ? ಅದು ಭೀಕರ, ಅದರಲ್ಲಿ 63 ಲಕ್ಷ ಜನ ಇದ್ದಾರೆ. ಆದರೆ ಅದಕ್ಕಿಂತ ಎಷ್ಟೋ ಜಾಸ್ತಿ ಜನ ಹೊಲ, ಕಟ್ಟಡ, ಕಾರ್ಖಾನೆ, ಮೀನುಗಾರಿಕೆ ದೋಣಿ, ಮನೆಗೆಲಸದಲ್ಲಿ ಸಿಕ್ಕಿಕೊಂಡಿದ್ದಾರೆ. ದಾಳಿ ಮಾಡುವ ತಂಡಗಳ ಕಣ್ಣು ಆ ಕಡೆ ಹೋಗುವುದೇ ಕಡಿಮೆ.

ಬಡತನ ಇದಕ್ಕೆ ಕಾರಣ ಎಂದುಬಿಡುವುದು ಸುಲಭ. ಆದರೆ ಬಡವರೆಲ್ಲ ಸಿಕ್ಕಿಬೀಳುವುದಿಲ್ಲ. ದಿಢೀರನೆ ದುಡ್ಡಿನ ಅಗತ್ಯ ಬಂದಾಗ, ನ್ಯಾಯವಾಗಿ ಸಾಲ ಕೊಡುವವರು ಯಾರೂ ಇಲ್ಲದಾಗ, ಕಾನೂನುಬದ್ಧವಾಗಿ ವಲಸೆ ಹೋಗುವ ದಾರಿ ಮುಚ್ಚಿದಾಗ ಸಿಕ್ಕಿಬೀಳುತ್ತಾರೆ. ಕಾಯಿಲೆ, ಬೆಳೆನಷ್ಟ, ಯುದ್ಧ ಇದನ್ನೆಲ್ಲ ಒಟ್ಟಿಗೆ ತರುತ್ತವೆ. ಕರೆದೊಯ್ಯುವವರು ಅಪರಿಚಿತರೇ ಆಗಿರಬೇಕಿಲ್ಲ, ನಂಬಿದ ಗೆಳೆಯರು, ನೆಂಟರೂ ಆಗಿರುತ್ತಾರೆ. ಇನ್ನೊಂದು ಬದಿಯಲ್ಲಿ ಲಾಭವಿದೆ. ಬಲವಂತದ ದುಡಿಮೆಯಿಂದ ವರ್ಷಕ್ಕೆ 23,600 ಕೋಟಿ ಡಾಲರ್ ಅಕ್ರಮ ಲಾಭ ಆಗುತ್ತಿದೆ ಎಂದು ಅದೇ ಕಾರ್ಮಿಕ ಸಂಘಟನೆಯ 2024ರ ಅಂದಾಜು ಹೇಳಿತು. ಕೆಲಸಗಾರರಿಗೆ ಸೇರಬೇಕಿದ್ದ ಕೂಲಿ ಅದು.

ಹಾಗಾಗಿ ಬಿಡಿಸಿ ತಂದರೆ ಮುಗಿಯಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ದಾಳಿಯ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಸಂತ್ರಸ್ತರು ಸಾಲದ ಸಮೇತ ಮನೆಗೆ ಬರುತ್ತಾರೆ. ಆಮೇಲೆ ಬಾಗಿಲಿಗೆ ಬರುವವನು ಇನ್ನೊಬ್ಬ ಏಜೆಂಟ್. ಭಾರತದ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇಲ್ಲಿ ಬುದ್ಧಿವಂತಿಕೆ ತೋರಿಸಿದೆ. ಜೀತದ ಸಾಲವನ್ನೇ ಅದು ಅಳಿಸಿಹಾಕುತ್ತದೆ. ಅದು ಜೀತದ ಸಾಲವಲ್ಲ ಎಂದು ಸಾಬೀತು ಮಾಡುವ ಹೊಣೆಯನ್ನೂ ಸಾಲ ಕೊಟ್ಟವನ ಮೇಲೇ ಹಾಕುತ್ತದೆ. ಜಾರಿ ಎಲ್ಲೆಡೆ ಸರಿಯಿಲ್ಲ, ಆದರೆ ಯೋಚನೆ ಸರಿಯಿದೆ.

ಕಂಪನಿಗಳ ಮೇಲಿನ ಕಾನೂನುಗಳಲ್ಲಿ ಎಲ್ಲವೂ ಒಂದೇ ತೂಕದವಲ್ಲ. ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆ, ಇಂಥ ದುಡಿಮೆ ತಡೆಯಲು ಏನು ಮಾಡಿದಿರಿ ಎಂದು ದೊಡ್ಡ ಕಂಪನಿಗಳಿಂದ ವರ್ಷಕ್ಕೊಂದು ಹೇಳಿಕೆ ಕೇಳುತ್ತದೆ. ‘ನಾವು ಏನೂ ಕ್ರಮ ತೆಗೆದುಕೊಂಡಿಲ್ಲ’ ಎಂದು ಬರೆದರೂ ಅದರ ಪ್ರಕಾರ ಸರಿಯೇ. ಇದಕ್ಕಿಂತ ಅಮೆರಿಕದ ಫ್ಲೋರಿಡಾದ ಟೊಮೆಟೊ ತೋಟದ ಕೂಲಿಗಳು ಕಟ್ಟಿದ ಫೇರ್ ಫುಡ್ ಒಪ್ಪಂದ ನನಗೆ ಗಟ್ಟಿಯಾಗಿ ಕಾಣುತ್ತದೆ. ಬಲವಂತದ ದುಡಿಮೆ ಕಂಡುಬಂದ ತೋಟದಿಂದ ಒಪ್ಪಂದಕ್ಕೆ ಸೇರಿದ ದೊಡ್ಡ ಖರೀದಿದಾರರು ಮಾಲು ಕೊಳ್ಳುವಂತಿಲ್ಲ. ವ್ಯಾಪಾರವೇ ನಿಲ್ಲುತ್ತದೆ ಅಂದಾಗ ಮಾಲೀಕರು ತಾವಾಗಿಯೇ ಮೇಸ್ತ್ರಿಗಳ ಮೇಲೆ ಕಣ್ಣಿಡುತ್ತಾರೆ. ಹಾಗೆಯೇ ಕೆಲಸ ಕೊಡಿಸುವ ಶುಲ್ಕವನ್ನು ಮಾಲೀಕನೇ ಕಟ್ಟಬೇಕು. ಕೆಲಸಗಾರರಿಂದ ಶುಲ್ಕ ತೆಗೆದುಕೊಳ್ಳಬಾರದು ಎಂದು 1997ರ ಅಂತಾರಾಷ್ಟ್ರೀಯ ಒಡಂಬಡಿಕೆಯೇ ಹೇಳಿದೆ. ಆ ಒಂದು ನಿಯಮ ಜಾರಿಯಾದರೆ ಎಷ್ಟೋ ಸಾಲ ಹುಟ್ಟುವುದೇ ಇಲ್ಲ.

ಇನ್ನು ಸಂತ್ರಸ್ತರ ಜೊತೆ ಮಾತಾಡುವವರಿಗೆ. ಯಾಕೆ ಓಡಿಹೋಗಲಿಲ್ಲ ಎಂದು ಕೇಳಬೇಡಿ. ಬಿಟ್ಟು ಹೋಗಿದ್ದರೆ ಏನಾಗುತ್ತಿತ್ತು ಎಂದು ಕೇಳಿ. ಕಾಗದಪತ್ರ ಯಾರ ಹತ್ತಿರ ಇತ್ತು, ಸಾಲದ ಲೆಕ್ಕ ಯಾರು ಬರೆಯುತ್ತಿದ್ದರು, ಮನೆಗೆ ಫೋನ್ ಮಾಡುವಾಗ ಪಕ್ಕದಲ್ಲಿ ಯಾರು ಇರುತ್ತಿದ್ದರು ಎಂದು ಕೇಳಿ. ಉತ್ತರ ಚೂರುಚೂರಾಗಿ ಬರುತ್ತದೆ. ಇವತ್ತು ಹೇಳಿದ್ದಕ್ಕೂ ನಾಳೆ ಹೇಳಿದ್ದಕ್ಕೂ ತಾಳೆಯಾಗದೆ ಇರಬಹುದು. ಭಯದಲ್ಲಿ ಬದುಕಿದವರ ನೆನಪು ಬರುವುದೇ ಹಾಗೆ, ಅದನ್ನು ಸುಳ್ಳು ಎಂದು ಬರೆದುಕೊಳ್ಳಬೇಡಿ. ಯುರೋಪ್ ಮಂಡಳಿಯ 2005ರ ಒಡಂಬಡಿಕೆ ಸಂತ್ರಸ್ತರಿಗೆ ಸುಧಾರಿಸಿಕೊಂಡು ಯೋಚಿಸಲು ಕನಿಷ್ಠ 30 ದಿನ ಕೊಟ್ಟಿರುವುದು ಇದಕ್ಕೇ.

ಹೊಸದಾಗಿ ಈ ಕೆಲಸಕ್ಕೆ ಬರುವ ವಕೀಲರಿಗೆ ಇನ್ನೊಂದು ಮಾತು. ಕ್ರಿಮಿನಲ್ ಕೇಸು ವರ್ಷಗಟ್ಟಲೆ ಎಳೆಯುತ್ತದೆ. ಅದು ಮುಗಿಯಲಿ ಎಂದು ಕಾಯದೆ, ಬಾಕಿ ಸಂಬಳದ ಅರ್ಜಿಯನ್ನು ಮೊದಲ ವಾರದಲ್ಲೇ ಹಾಕಿ. ಲೆಕ್ಕದ ಪುಸ್ತಕವನ್ನು ವಶಕ್ಕೆ ತೆಗೆದುಕೊಳ್ಳಲು ಪೊಲೀಸರಿಗೆ ಬರವಣಿಗೆಯಲ್ಲಿ ಕೇಳಿ. ತಡ ಮಾಡಿದರೆ ಆ ಪುಸ್ತಕ ಸಿಗುವುದಿಲ್ಲ.