ಗೋಡೆಗೆ ಮಡಚುವ ಮೇಜು: ಭಾರ ಎಲ್ಲಿಗೆ ಹೋಗುತ್ತದೆ?

ಮಲಗುವುದು, ಉಣ್ಣುವುದು, ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವುದು ಎಲ್ಲವೂ ಒಂದೇ ಕೋಣೆಯಲ್ಲಿ ನಡೆಯಬೇಕಾದ ಮನೆಗೆ ಗೋಡೆಗೆ ಮಡಚಿಡುವ ಮೇಜೊಂದನ್ನು ವಿನ್ಯಾಸ ಮಾಡುವುದು ನಾನು ಕೈಗೆತ್ತಿಕೊಂಡ ಕೆಲಸವಾಗಿತ್ತು. ಮಡಚುವ ವಸ್ತುಗಳು ನಮಗೆ ಹೊಸವಲ್ಲ. ಒಂದೇ ಹಲಗೆಯನ್ನು ಸೀಳಿ, ನಡುವೆ ಕೀಲು ಕೊರೆದು ಮಾಡುವ ವ್ಯಾಸಪೀಠವನ್ನೂ ಅಲಗು ಮಡಚಿ ಮೂಲೆಗೆ ಒರಗಿಸುವ ಈಳಿಗೆಮಣೆಯನ್ನೂ ನಾವು ಚಿಕ್ಕಂದಿನಿಂದ ಕಂಡಿದ್ದೇವೆ. ಆದರೆ ಅವುಗಳಲ್ಲಿ ಭಾರ ನೇರವಾಗಿ ಕೆಳಗೆ, ನೆಲಕ್ಕೆ ಇಳಿಯುತ್ತದೆ. ಗೋಡೆಯ ಮೇಜಿನಲ್ಲಿ ಅದು ಗೋಡೆಯ ಮೂಲಕ ಹೋಗಬೇಕು. ನಾನು ಎಡವಿದ್ದು ಈ ಜಾಗದಲ್ಲೇ ಆದ್ದರಿಂದ, ಟಿಪ್ಪಣಿಯ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

ಅಳತೆಗಳು ಹೀಗಿವೆ. ಮೇಲ್ಹಲಗೆ 90 ಸೆಂ.ಮೀ. ಅಗಲ, 50 ಸೆಂ.ಮೀ. ಆಳ, 18 ಮಿ.ಮೀ. ದಪ್ಪದ ಪ್ಲೈವುಡ್, ನೆಲದಿಂದ ಎತ್ತರ 75 ಸೆಂ.ಮೀ. ಘನ ಮೀಟರಿಗೆ 650 ಕಿ.ಗ್ರಾಂ. ಎಂದು ಹಿಡಿದರೆ ಹಲಗೆಯ ತೂಕ ಸುಮಾರು 5.3 ಕಿ.ಗ್ರಾಂ. ಕೆಳಗೆ ಎರಡು ಆಸರೆಗಳಿದ್ದು, ಬಾಗಿಲಿನಂತೆ ಕೀಲಿನ ಮೇಲೆ ತಿರುಗಿ ಹೊರಗೆ ಬಂದು ಹಲಗೆಯನ್ನು ಹೊರುತ್ತವೆ. ಅವುಗಳನ್ನು ಒಳಕ್ಕೆ ತಿರುಗಿಸಿದರೆ ಹಲಗೆ ಕೆಳಕ್ಕೆ ಜೋತುಬೀಳುತ್ತದೆ. ಎರಡೂ ಆಸರೆಗಳು ಒಳಮುಖವಾಗಿ ಮಡಚಬೇಕಾದರೆ ಪ್ರತಿಯೊಂದರ ಉದ್ದವು ಕೀಲುಗಳ ನಡುವಿನ ಅಂತರದ ಅರ್ಧಕ್ಕಿಂತ ಕಡಿಮೆ ಇರಬೇಕು, ಇಲ್ಲದಿದ್ದರೆ ನಡುವೆ ಒಂದಕ್ಕೊಂದು ತಾಗುತ್ತವೆ. ಆದ್ದರಿಂದ 40 ಸೆಂ.ಮೀ. ಇಟ್ಟುಕೊಂಡೆ.

ಈಗ ತಪ್ಪಿದ ಹೆಜ್ಜೆಗೆ ಬರುತ್ತೇನೆ. ಯಾರಾದರೂ ಮೇಜಿನ ಮುಂದಂಚಿಗೆ ಕೈಯೂರಿ ಎದ್ದರೆ 40 ಕಿ.ಗ್ರಾಂ. ಭಾರ ಬೀಳಬಹುದು ಎಂದುಕೊಂಡು, ಹಲಗೆಯ ತೂಕವನ್ನೂ ಸೇರಿಸಿ 45 ಕಿ.ಗ್ರಾಂ. ಎಂದು ಲೆಕ್ಕ ಹಾಕಿ, ನಾಲ್ಕು ಸ್ಕ್ರೂಗಳಿಗೆ ಹಂಚಿದರೆ ಒಂದಕ್ಕೆ ಹನ್ನೊಂದು ಚಿಲ್ಲರೆ ಕಿ.ಗ್ರಾಂ. ಮಾತ್ರ ಎಂದು ನೆಮ್ಮದಿಯಾಗಿದ್ದೆ. ಕಟ್ಟಿದ ಮೂರನೆಯ ದಿನವೇ ಮೇಲಿನ ಸ್ಕ್ರೂಗಳು ಗಿಟ್ಟಿಯ (ಸ್ಕ್ರೂ ಹಿಡಿಯಲೆಂದು ಗೋಡೆಯ ತೂತಿಗೆ ತುರುಕುವ ಬಿರಡೆ) ಸಮೇತ ಗೋಡೆಯಿಂದ ಕಿತ್ತು ಬಂದವು, ಕೆಳಗಿನವು ಅಲುಗಲೇ ಇಲ್ಲ. ಎಲ್ಲ ಸ್ಕ್ರೂಗಳೂ ಸಮಾನವಾಗಿ ಭಾರ ಹೊತ್ತಿದ್ದರೆ ಹೀಗೆ ಆಗುವುದು ಸಾಧ್ಯವಿರಲಿಲ್ಲ.

ಕಾಂಪೌಂಡಿನ ಕಬ್ಬಿಣದ ಗೇಟನ್ನು ನೆನಪಿಸಿಕೊಂಡಾಗ ವಿಷಯ ತಿಳಿಯಾಯಿತು. ಹಳೆಯ ಗೇಟು ಜೋಲುವಾಗ ಕಂಬದಿಂದ ಬಿಟ್ಟುಕೊಳ್ಳುವುದು ಮೇಲಿನ ಕೀಲು. ಕೆಳಗಿನ ಕೀಲು ಕಂಬಕ್ಕೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಗೇಟಿನ ತೂಕ ಕೆಳಕ್ಕೆ ಎಳೆಯುವುದಷ್ಟೇ ಅಲ್ಲ, ಕೆಳಗಿನ ಕೀಲನ್ನು ಆಧಾರ ಮಾಡಿಕೊಂಡು ಇಡೀ ಗೇಟನ್ನು ಹೊರಕ್ಕೆ ತಿರುಗಿಸಲು ನೋಡುತ್ತದೆ. ಆ ತಿರುಗುವಿಕೆಯನ್ನು ತಡೆಯುವುದು ಮೇಲಿನ ಕೀಲಿನ ಕೆಲಸ. ನಮ್ಮ ಆಸರೆಯೂ ಒಂದು ಗೇಟೇ.

ಹಾಗಾದರೆ ಲೆಕ್ಕವನ್ನು ಕೆಳಗಿನ ಕೀಲಿನಿಂದ ಹಾಕಬೇಕು. ಭಾರವನ್ನು ಗೋಡೆಯಿಂದ ಅದಕ್ಕಿರುವ ದೂರದಿಂದ ಗುಣಿಸಿದರೆ ಅದು ಎಷ್ಟು ತಿರುಗಿಸಲು ನೋಡುತ್ತದೆ ಎಂಬುದು ಸಿಗುತ್ತದೆ. ಮುಂದಂಚಿನ 40 ಕಿ.ಗ್ರಾಂ. ಗೋಡೆಯಿಂದ 50 ಸೆಂ.ಮೀ. ದೂರದಲ್ಲಿದೆ: ಗುಣಿಸಿದರೆ 2000. ಹಲಗೆಯ 5.3 ಕಿ.ಗ್ರಾಂ. ಅದರ ನಡುವೆ, ಅಂದರೆ 25 ಸೆಂ.ಮೀ. ದೂರದಲ್ಲಿ ಇದೆಯೆಂದು ಹಿಡಿಯಬೇಕು: ಸುಮಾರು 132. ಒಟ್ಟು 2132. ಇದನ್ನು ಮೇಲಿನ ಮತ್ತು ಕೆಳಗಿನ ಸ್ಕ್ರೂಗಳ ನಡುವಿನ ಎತ್ತರದಿಂದ ಭಾಗಿಸಿದರೆ ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಹೊರಕ್ಕೆ ಕೀಳುವ ಬಲ ಸಿಗುತ್ತದೆ. ನನ್ನ ಮೊದಲ ಆಸರೆಯಲ್ಲಿ ಆ ಎತ್ತರ ಬರೀ 15 ಸೆಂ.ಮೀ. ಇತ್ತು, 2132ನ್ನು 15ರಿಂದ ಭಾಗಿಸಿದರೆ 142 ಕಿ.ಗ್ರಾಂ. ತೂಕದಷ್ಟು ಎಳೆತ! ಎರಡು ಆಸರೆಗಳಿಗೆ ಹಂಚಿದರೂ ಒಂದೊಂದಕ್ಕೆ 71. ಎತ್ತರವನ್ನು 30 ಸೆಂ.ಮೀ.ಗೆ ಏರಿಸಿದರೆ ಒಟ್ಟು ಎಳೆತ 71ಕ್ಕೆ ಇಳಿಯುತ್ತದೆ. ಅದೇ ಹಲಗೆ, ಅದೇ ಭಾರ; ಬದಲಾದದ್ದು ಎತ್ತರವೊಂದೇ. ಇನ್ನೂ ನಾಲ್ಕು ಸ್ಕ್ರೂ ಸೇರಿಸಿದರೆ ಸಾಕೆಂದು ಯಾರಾದರೂ ಹೇಳಿದರೆ, ಅವು ಎಷ್ಟು ಮೇಲೆ ಕೂರುತ್ತವೆ ಎಂದು ಮೊದಲು ಕೇಳಬೇಕು.

ಇಲ್ಲಿಂದ ನನಗೆ ತುಂಬ ಪ್ರಿಯವಾದ ಉಪಾಯವೊಂದು ಹೊರಟಿತು. ಆಸರೆಯ ಕೀಲುಗಳನ್ನು ಗೋಡೆಗೆ ನೇರವಾಗಿ ಹೊಡೆಯುವ ಬದಲು, ನೆಲದಿಂದ ಹಲಗೆಯ ಅಡಿಯವರೆಗೆ ಬರುವ 73 ಸೆಂ.ಮೀ. ಉದ್ದದ ಗಟ್ಟಿ ಮರದ ರೀಪರನ್ನು ನಿಲ್ಲಿಸಿ, ಕೀಲುಗಳನ್ನು ಅದಕ್ಕೆ ಕೂರಿಸಬೇಕು. ಆಗ ಕೆಳಕ್ಕೆ ಇಳಿಯುವ ಭಾರವೆಲ್ಲ ರೀಪರಿನ ಮೂಲಕ ನೆಲಕ್ಕೆ ಹೋಗುತ್ತದೆ, ಗೋಡೆಯ ಸ್ಕ್ರೂಗೆ ಉಳಿಯುವುದು ಎಳೆತ ಮಾತ್ರ. ನೆಲದಿಂದ 65 ಸೆಂ.ಮೀ. ಎತ್ತರದಲ್ಲಿ ಗೋಡೆಗೆ ಬಿಗಿದರೆ ಆ ಎಳೆತವೂ ಒಟ್ಟು ಸುಮಾರು 33 ಕಿ.ಗ್ರಾಂ.ಗೆ, ಒಂದು ಬದಿಗೆ 16.5ಕ್ಕೆ ಇಳಿಯುತ್ತದೆ. ನಾನು ಇದರ ಮೂರು ಪಟ್ಟು ತಡೆಯುವ ಗಿಟ್ಟಿಯನ್ನೇ ಆರಿಸುತ್ತೇನೆ, ಏಕೆಂದರೆ ಗಾರೆಯ ಪದರದಲ್ಲೇ ನಿಂತ ಗಿಟ್ಟಿಗೆ ಹಿಡಿತವಿರುವುದಿಲ್ಲ, ಟೊಳ್ಳು ಬ್ಲಾಕಿನ ಗೋಡೆಯಲ್ಲಿ ಸಾಮಾನ್ಯ ಗಿಟ್ಟಿ ಬರಿಯ ಗಾಳಿಯಲ್ಲಿ ನಿಂತಂತೆ. ಕೀಲಿಗೂ ರೀಪರಿಗೂ ನಡುವಿನ ಎಳೆತ ಮಾತ್ರ ಈ ಉಪಾಯದಿಂದ ಕಡಿಮೆಯಾಗುವುದಿಲ್ಲ. ಅಲ್ಲಿ 30 ಸೆಂ.ಮೀ.ನ ಲೆಕ್ಕವೇ ಉಳಿಯುತ್ತದೆ. ಆದ್ದರಿಂದ ಅಲ್ಲಿಗೆ ಸ್ಕ್ರೂ ಬದಲು ಆರಪಾರು ಹೋಗುವ ಬೋಲ್ಟು ನಟ್ಟು ಹಾಕಿದ್ದೇನೆ.

ಇನ್ನೊಂದು ಸಣ್ಣ ಗೊಂದಲ ದಪ್ಪದ್ದು. ಕಾಗದದ ಮಾದರಿ ಚೆನ್ನಾಗಿ ಮಡಚುತ್ತದೆ, ಏಕೆಂದರೆ ಕಾಗದಕ್ಕೆ ದಪ್ಪವಿಲ್ಲ. ಮರದಲ್ಲಿ 25 ಮಿ.ಮೀ. ರೀಪರು, ಅದರ ಮುಂದೆ 18 ಮಿ.ಮೀ. ಆಸರೆ, ಒಟ್ಟು 43 ಮಿ.ಮೀ. ಜಾಗ ಬಿಟ್ಟ ಮೇಲೆ ಹಲಗೆ ಜೋತುಬೀಳಬೇಕು. ಹಲಗೆಯ ಹಿಂದಂಚನ್ನು ಹಿಡಿಯುವ ಅಡ್ಡಪಟ್ಟಿ ಗೋಡೆಯಿಂದ ಕನಿಷ್ಠ 48 ಮಿ.ಮೀ. ಹೊರಗೆ ಬರಬೇಕು. ಕೀಲನ್ನು ಹಲಗೆಯ ಮೇಲ್ಮೈಗೆ ಹಾಕಿದರೆ ಅದು ಕೆಳಕ್ಕೆ ಇಳಿಯುವುದೇ ಇಲ್ಲ, ಅಂಚು ಅಡ್ಡಪಟ್ಟಿಗೆ ಗುದ್ದಿ ನಿಲ್ಲುತ್ತದೆ. ಹಲಗೆ ಯಾವ ಕಡೆಗೆ ಮಡಚುತ್ತದೋ ಆ ಬದಿಗೇ, ಅಂದರೆ ಅಡಿಭಾಗಕ್ಕೆ ಕೀಲು ಬರಬೇಕು. ಐದನೇ ಒಂದು ಅಳತೆಯಲ್ಲಿ ದಪ್ಪ ರಟ್ಟಿನ ಮಾದರಿ ಮಾಡಿಕೊಂಡರೆ ಇದು ಹತ್ತು ನಿಮಿಷದಲ್ಲಿ ಕಾಣುತ್ತದೆ.

ಪರಿಸರದ ಪ್ರಶ್ನೆಗೆ ಮರದ ಆಯ್ಕೆಯಿಂದಲೇ ಉತ್ತರ ಸಿಗುತ್ತದೆಂದು ನಾನು ಭಾವಿಸಿದ್ದೆ. ಆಯ್ಕೆ ಮುಖ್ಯವೇ ಹೌದು: ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಸಿಲ್ವರ್ ಓಕ್, ಹಾಲು ಬತ್ತಿದ ಮೇಲೆ ಕಡಿಯುವ ರಬ್ಬರ್ ಮರ, ಹಳೆಯ ಮನೆಯ ಬಾಗಿಲವಾಡದ ಮರ ಇವೆಲ್ಲ ಕಾಡನ್ನು ಕಡಿಯದೆ ಸಿಗುತ್ತವೆ. ಪ್ಲೈವುಡ್ ಕೊಳ್ಳುವಾಗ ಅಂಟಿನಿಂದ ಫಾರ್ಮಾಲ್ಡಿಹೈಡ್ ಕಡಿಮೆ ಹೊರಬರುವ ಇ-0 ಅಥವಾ ಇ-1 ದರ್ಜೆಯನ್ನು ಕೇಳಬೇಕು. ಆದರೆ ಮಡಚುವ ಪೀಠೋಪಕರಣ ಮೊದಲು ಸೋಲುವುದು ಕೀಲಿನಲ್ಲಿ. ಪಾರ್ಟಿಕಲ್ ಬೋರ್ಡಿನಿಂದ ಒಮ್ಮೆ ಕಿತ್ತ ಸ್ಕ್ರೂ ಅದೇ ತೂತಿನಲ್ಲಿ ಮತ್ತೆ ಹಿಡಿಯುವುದಿಲ್ಲ, ಒಳ್ಳೆಯ ಹಲಗೆಯೇ ಕಸಕ್ಕೆ ಹೋಗುತ್ತದೆ. ಗಟ್ಟಿ ಮರದಲ್ಲಾದರೆ ತೂತಿಗೆ ಅಂಟು ಹಚ್ಚಿದ ಮರದ ಬೆಣೆ ಬಡಿದು ಮತ್ತೆ ಕೊರೆಯಬಹುದು. ಬೋಲ್ಟಿನಲ್ಲಿ ಕೂರಿಸಿದ ಕೀಲನ್ನು ಬಾಡಿಗೆದಾರರು ಮನೆ ಬದಲಿಸುವಾಗ ಬಿಚ್ಚಿ ಒಯ್ಯಬಹುದು, ಸವೆದರೆ ಬೀದಿಯ ಹಾರ್ಡ್‌ವೇರ್ ಅಂಗಡಿಯಿಂದ ಅದೇ ಅಳತೆಯದನ್ನು ತಂದು ಹಾಕಬಹುದು.

ಕತ್ತರಿಸುವ ಮೊದಲು ಹಾಳೆಯ ಅಳತೆಯನ್ನೂ ನೋಡಬೇಕು. 2440 × 1220 ಮಿ.ಮೀ. ಹಾಳೆಯಲ್ಲಿ 900 × 500ರ ತುಂಡುಗಳು ನನಗೆ ಹೊಂದಿದ್ದು ಐದು. ಅದಕ್ಕಿಂತ ದೊಡ್ಡದಾದ 800 × 600 ಆರು ಸಿಗುತ್ತವೆ. ಹಲವು ಮೇಜು ಮಾಡುವವರಿಗೆ ಎರಡನೆಯದೇ ಲಾಭ, ಆದರೆ ಆಳ 60 ಆದಾಗ ಎಳೆತದ ಲೆಕ್ಕವನ್ನು ಮೊದಲಿನಿಂದ ಹಾಕಬೇಕು. ನನಗೆ ಒಂದೇ ಮೇಜು ಬೇಕಿತ್ತು. ಉಳಿದ ತುಂಡಿನಿಂದಲೇ ಎರಡೂ ಆಸರೆಗಳನ್ನು ಕೊಯ್ದುಕೊಂಡೆ.