ಗೋಡೆ ಸಿಗುವ ಮೊದಲು: ಬೆಂಗಳೂರಿನ ಕ್ವಿಯರ್ (ಲೈಂಗಿಕ ಅಲ್ಪಸಂಖ್ಯಾತರ) ಕಲೆ ನಡೆದ ದಾರಿ

ಕೆ.ಆರ್. ಮಾರುಕಟ್ಟೆಯ ಗೋಡೆಯೊಂದರ ಮೇಲೆ ಅರವಾಣಿ ಆರ್ಟ್ ಪ್ರಾಜೆಕ್ಟ್ ಎಂಬ ಕಲಾ ಬಳಗದ ಟ್ರಾನ್ಸ್ ಮಹಿಳೆಯರು ‘ನಾವು ಇದ್ದೇವೆ’ ಎಂದು ಬಣ್ಣದಲ್ಲಿ ಸಾರಿದರು. ಆ ಮಾತಿನ ತೂಕ ತಿಳಿಯಬೇಕಾದರೆ ಅದೇ ರಸ್ತೆಗೆ ಅನ್ವಯಿಸುತ್ತಿದ್ದ ಕಾನೂನನ್ನು ಓದಬೇಕು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿತು. ಅಪರಾಧದ ಶಂಕೆಯ ಹೆಸರಿನಲ್ಲಿ ಹಿಜ್ರಾಗಳ ಹೆಸರು, ವಿಳಾಸಗಳ ಪಟ್ಟಿ ಇಡಲು ಅದು ಪೊಲೀಸರಿಗೆ ದಾರಿ ಮಾಡಿಕೊಟ್ಟಿತು. ಹೈಕೋರ್ಟಿನಲ್ಲಿ ಪ್ರಶ್ನಿಸಿದ ಮೇಲಷ್ಟೇ ಸಮುದಾಯವನ್ನು ಬೊಟ್ಟು ಮಾಡುವ ಪದ ಅಲ್ಲಿಂದ ಹೋಯಿತು.

ಗೋಡೆ ಸಿಗುವವರೆಗೆ ಕಲೆ ಬಹುಪಾಲು ಬಾಗಿಲೊಳಗೇ ಇತ್ತು. ಬೆಂಗಳೂರು ಕ್ವಿಯರ್ ಚಿತ್ರೋತ್ಸವ 2000ರ ದಶಕದ ಕೊನೆಗೆ ಶುರುವಾಯಿತು. ಅಲಿಯಾನ್ಸ್ ಫ್ರಾನ್ಸೇಸ್‌ನಂಥ ವಿದೇಶಿ ಸಾಂಸ್ಕೃತಿಕ ಕೇಂದ್ರ ಅದಕ್ಕೆ ಜಾಗ ಕೊಟ್ಟಿತು. ದೊಡ್ಡ ಆಸರೆಯೇ ಅದು. ಆದರೆ ಆ ಮೆಟ್ಟಿಲು ಹಮಾಮ್‌ಗಳಲ್ಲಿ, ಅಂದರೆ ಹಿಜ್ರಾಗಳು ಒಟ್ಟಾಗಿ ನಡೆಸುವ ಸ್ನಾನದ ಮನೆಗಳಲ್ಲಿ, ಬದುಕುವವರಿಗೆ ಸಲೀಸಾಗಿರಲಿಲ್ಲ.

ಕನ್ನಡದ ಬಾಗಿಲು ತೆರೆದದ್ದು ರಂಗಭೂಮಿ. ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ 1999ರಲ್ಲಿ ಹುಟ್ಟಿದ ಸಂಗಮ ಸಂಸ್ಥೆಯಲ್ಲಿ ದುಡಿದ ಟ್ರಾನ್ಸ್ ಲೇಖಕಿ ಎ. ರೇವತಿ ತಮ್ಮ ಬದುಕನ್ನು ಬರೆದರು, ದು. ಸರಸ್ವತಿ ಅದನ್ನು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಹೆಗ್ಗೋಡಿನ ಜನಮನದಾಟ ತಂಡ ಅದನ್ನು ರಂಗಕ್ಕೇರಿಸಿ ಊರೂರಿಗೆ ಒಯ್ದಿತು. ಹಿಜ್ರಾ ಎಂದರೆ ನಗೆಪಾತ್ರ ಎಂದುಕೊಂಡಿದ್ದ ಪ್ರೇಕ್ಷಕರು ಒಬ್ಬ ಮಗಳ ಕತೆಯನ್ನು ಕೊನೆಯವರೆಗೂ ಕೂತು ಕೇಳಬೇಕಾಯಿತು.

ಗೋಡೆಯ ಕೆಲಸ ಬೇರೆಯೇ. ಅದಕ್ಕೆ ಟಿಕೆಟ್ಟಿಲ್ಲ, ಆದರೆ ಗೋಡೆಯ ಒಡೆಯರ ಬರಹದ ಒಪ್ಪಿಗೆ ಬೇಕು. ಇಲ್ಲದಿದ್ದರೆ ಅರ್ಧ ಚಿತ್ರಕ್ಕೇ ಕೆಲಸ ನಿಲ್ಲುತ್ತದೆ. ಹಳೆ ಪೋಸ್ಟರು, ಚಕ್ಕೆಯೆದ್ದ ಸುಣ್ಣವನ್ನು ಪೂರ್ತಿ ಕೆರೆದು ತೊಳೆದು ಒಣಗಿಸಬೇಕು. ನಂತರ ಪ್ರೈಮರ್, ಅದು ಒಣಗಿದ ಮೇಲೆ ಸೀಮೆಸುಣ್ಣದಲ್ಲಿ ರೇಖೆ, ಆಮೇಲೆ ಹೊರಗೋಡೆಯ ಎಮಲ್ಷನ್ ಎರಡು ಕೋಟು. ಅಗಲವಾದ ಚಪ್ಪಟೆ ಬಣ್ಣ, ದಪ್ಪ ಅಂಚು ಇಟ್ಟುಕೊಂಡರೆ ಮೊದಲ ಸಲ ಕುಂಚ ಹಿಡಿದವರೂ ಧೈರ್ಯವಾಗಿ ತುಂಬಬಹುದು. ಅಂಚನ್ನು ಪಳಗಿದ ಕೈ ಕೊನೆಗೆ ತಿದ್ದುತ್ತದೆ. ಕೆಡುವುದು ಹೆಚ್ಚಾಗಿ ತೇವದಿಂದ. ಒಳಗೆ ನೀರು ಸೋರುವ ಗೋಡೆಯಲ್ಲಿ ಉಪ್ಪು ಹೊರಬಂದು ಬಣ್ಣವನ್ನು ಹಕ್ಕಳೆಯಾಗಿ ಎಬ್ಬಿಸುತ್ತದೆ, ಎಷ್ಟು ಕೋಟು ಬಳಿದರೂ ಅಷ್ಟೇ.

2016ರಲ್ಲಿ ಪೂರ್ಣಿಮಾ ಸುಕುಮಾರ್ ಆರಂಭಿಸಿದ ಅರವಾಣಿ ಪ್ರಾಜೆಕ್ಟ್ ಇಟಲಿಯ ದೊಡ್ಡ ಕಲಾ ಪ್ರದರ್ಶನವಾದ 2024ರ ವೆನಿಸ್ ಬಿಯೆನಾಲೆಯಲ್ಲೂ ಗೋಡೆಚಿತ್ರ ಬರೆಯಿತು. ಹೆಮ್ಮೆಯ ಮಾತು ಹೌದು. ನನಗೆ ಮಾತ್ರ ಮಾರುಕಟ್ಟೆಯ ಗೋಡೆಯೇ ದೊಡ್ಡದು, ಹೂವಿನ ಮೂಟೆ ಹೊತ್ತವರೂ ನೋಡುವ ಗೋಡೆ ಅದು.

ಗೋಡೆ ಮಾಸುತ್ತದೆ, ನಾಟಕ ಮುಗಿಯುತ್ತದೆ. ಉಳಿಸುವ ಕೆಲಸವನ್ನು ಚಿತ್ರನಿರ್ಮಾಪಕಿ ಟಿ. ಜಯಶ್ರೀ ಕಟ್ಟಿದ ‘ಕಮ್ರಾ’ ಸಂಗ್ರಹಾಗಾರ ಮಾಡುತ್ತಿದೆ. ಈಗ ಅದು ನಗರದ ರಾಷ್ಟ್ರೀಯ ಕಾನೂನು ಶಾಲೆಯಲ್ಲಿದೆ. ಇಂಥ ಸಂಗ್ರಹದಲ್ಲಿ ಟೇಪನ್ನು ಡಿಜಿಟಲ್ ಮಾಡುವುದಕ್ಕಿಂತ ಕಷ್ಟದ್ದು ಒಪ್ಪಿಗೆ. 2008ರಲ್ಲಿ ಬೆಂಗಳೂರಿನ ಮೊದಲ ಪ್ರೈಡ್ ನಡಿಗೆಯಲ್ಲಿ (ಲೈಂಗಿಕ ಅಲ್ಪಸಂಖ್ಯಾತರ ಹೆಮ್ಮೆಯ ಮೆರವಣಿಗೆಯಲ್ಲಿ) ಮುಖವಾಡ ಹಾಕಿದ್ದವರು ಇಂದು ಮುಖ ತೋರಲು ಒಪ್ಪಬಹುದು, ಅಂದು ತೋರಿಸಿದ್ದವರು ಇಂದು ಬೇಡವೆನ್ನಬಹುದು. ಪ್ರತಿ ಪ್ರದರ್ಶನಕ್ಕೂ ಮತ್ತೆ ಕೇಳಬೇಕು.