ನಡೆಯುವ ಮಗುವಿನ ಕುತ್ತಿಗೆಗೆ ಆಪರೇಷನ್ ಯಾಕೆ?

ಪ್ರಶ್ನೆ: ಮಗಳಿಗೆ ಮೊರ್ಕಿಯೊ ಕಾಯಿಲೆ (ಒಂದು ಎಂಜೈಮಿನ ಕೊರತೆಯಿಂದ ಮೂಳೆಗಳು ಸರಿಯಾಗಿ ಬೆಳೆಯದ, ಹುಟ್ಟಿನಿಂದಲೇ ಬರುವ ಕಾಯಿಲೆ). ಕುತ್ತಿಗೆಗೆ ಆಪರೇಷನ್ ಬೇಕೆಂದು ಮಂಗಳೂರಿನಲ್ಲಿ ಹೇಳಿದ್ದಾರೆ. ಈಗ ನಡೆಯುತ್ತಾಳೆ, ಶಾಲೆಗೂ ಹೋಗುತ್ತಾಳೆ. ಆಪರೇಷನ್ ಮಾಡಿಸಿದರೆ ಮಲಗಿದಲ್ಲೇ ಆಗುತ್ತಾಳಂತೆ, ಹೌದೇ?

ಉತ್ತರ: ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಲ್ಲ ಕಡೆಯವರೂ ಇದನ್ನೇ ಕೇಳುತ್ತಾರೆ. ಎಷ್ಟು ಸಲ ಹೇಳಿದರೂ ಆ ಹೆದರಿಕೆ ಹೋಗುವುದಿಲ್ಲ. ಇನ್ನೊಮ್ಮೆ ಹೇಳುತ್ತೇನೆ.

ಕುತ್ತಿಗೆಯ ಎರಡನೇ ಮೂಳೆಯಿಂದ ಗೂಟದಂಥ ಒಂದು ಭಾಗ ಮೇಲಕ್ಕೆ ಚಾಚಿರುತ್ತದೆ. ಮೊದಲ ಮೂಳೆ ಜಾರದಂತೆ ತಡೆಯುವುದು ಅದೇ. ಮೊರ್ಕಿಯೊ ಇರುವ ಮಕ್ಕಳಲ್ಲಿ ಅದು ಸರಿಯಾಗಿ ಬೆಳೆಯುವುದಿಲ್ಲ. ತಲೆ ಬಗ್ಗಿಸಿದಾಗ ಮೇಲಿನ ಮೂಳೆ ಮುಂದೆ ಸರಿದು ಬೆನ್ನುಹುರಿ ಅದುಮಿ ಹೋಗುತ್ತದೆ. ಮಗುವನ್ನು ಮಲಗಿದಲ್ಲೇ ಮಾಡುವುದು ಈ ಅದುಮುವಿಕೆ. ಆಪರೇಷನ್ ಮಾಡುವುದೇ ಅದನ್ನು ತಪ್ಪಿಸಲಿಕ್ಕೆ.

ಹಾಗಾದರೆ ಈ ಮಾತು ಹುಟ್ಟಿದ್ದೆಲ್ಲಿ? ಕೈಕಾಲಿನ ಬಲ ಹೋದ ಮೇಲೆ, ಬೇರೆ ದಾರಿಯಿಲ್ಲದೆ ಕರೆದುಕೊಂಡು ಹೋದ ಮಕ್ಕಳಿಂದ. ಕೆಟ್ಟುಹೋದ ಬೆನ್ನುಹುರಿ ಪೂರ್ತಿ ಚೇತರಿಸುವುದು ಕಷ್ಟ. ತಡಮಾಡಿದ್ದು ಯಾರಿಗೂ ನೆನಪಿರುವುದಿಲ್ಲ, ಆಪರೇಷನ್ ಮಾತ್ರ ನೆನಪಿರುತ್ತದೆ! ಅಪಾಯವೇ ಇಲ್ಲ ಎನ್ನುತ್ತಿಲ್ಲ. ನರಕ್ಕೆ ಪೆಟ್ಟಾಗಬಹುದು, ಮೂಳೆ ಕೂಡದೆ ಇನ್ನೊಮ್ಮೆ ಮಾಡಬೇಕಾಗಬಹುದು. ಆದ್ದರಿಂದಲೇ ಇಂಥ ಮಕ್ಕಳನ್ನು ನೋಡಿ ಅನುಭವವಿರುವ ತಂಡ ಬೇಕು. ಆದರೆ "ಈಗ ನಡೆಯುತ್ತಾಳಲ್ಲ" ಎಂಬುದು ಕಾಯಲಿಕ್ಕೆ ಕಾರಣವಲ್ಲ. ನಡೆಯುತ್ತಿರುವಾಗಲೇ ಮಾಡಿಸಬೇಕು. ಬಸ್‌ಸ್ಟಾಪಿನವರೆಗೆ ನಡೆಯುತ್ತಿದ್ದವಳು ಈಗ ಎತ್ತಿಕೊಳ್ಳಿ ಎನ್ನುತ್ತಾಳೆಯೇ, ಎಡವುತ್ತಾಳೆಯೇ, ಪೆನ್ಸಿಲ್ ಹಿಡಿತ ಸಡಿಲವಾಗಿದೆಯೇ ಎಂದು ನೋಡಿ. ಹೌದಾದರೆ ಒಂದು ವಾರವೂ ಮುಂದೂಡಬೇಡಿ. ಉಳುಕು ತೆಗೆಯುತ್ತೇವೆಂದು ಕುತ್ತಿಗೆ ತಿರುಚುವವರ ಹತ್ತಿರವಂತೂ ದಯವಿಟ್ಟು ಹೋಗಬೇಡಿ.

ಆಪರೇಷನ್ನಿನಲ್ಲಿ ಹಿಂದಿನಿಂದ ತೆರೆದು, ಸ್ಕ್ರೂ, ಸರಳು ಅಥವಾ ತಂತಿ ಹಾಕಿ, ಸೊಂಟದಿಂದಲೋ ಪಕ್ಕೆಲುಬಿನಿಂದಲೋ ತೆಗೆದ ಮೂಳೆಯಿಟ್ಟು ಕುತ್ತಿಗೆಯ ಮೊದಲ ಎರಡು ಮೂಳೆಗಳನ್ನು ಕೂಡಿಸುತ್ತಾರೆ. ಕೆಲವರಿಗೆ ತಲೆಬುರುಡೆಯವರೆಗೂ ಕೂಡಿಸಬೇಕಾಗುತ್ತದೆ. ಮೂಳೆ ಕೂಡಲು ತಿಂಗಳುಗಳು ಬೇಕು. ತಲೆ ಆಚೀಚೆ ತಿರುಗುವುದು ಸುಮಾರು ಅರ್ಧದಷ್ಟು ಕಡಿಮೆಯಾಗುತ್ತದೆ, ಅದು ನಿಜ. ಮಕ್ಕಳು ಭುಜ ಸಮೇತ ತಿರುಗಲು ಬೇಗ ಕಲಿಯುತ್ತಾರೆ. ಅಮೆರಿಕದಲ್ಲಿ 2014ರಲ್ಲಿ ಅನುಮತಿ ಸಿಕ್ಕಿದ, ವಾರಕ್ಕೊಮ್ಮೆ ಕೊಡುವ ಎಂಜೈಮ್ ಡ್ರಿಪ್ ಈ ಮೂಳೆಯನ್ನು ಸರಿಪಡಿಸುವುದಿಲ್ಲ.

ನೀವು ಕೇಳದ ಒಂದು ವಿಷಯ ಇದೆ. ಹರ್ನಿಯಾ, ಕಿವಿ, ಹಲ್ಲು, ಯಾವುದಕ್ಕೆ ಅರಿವಳಿಕೆ ಕೊಡುವುದಾದರೂ ಕುತ್ತಿಗೆಯ ವಿಷಯ ಮೊದಲೇ ಹೇಳಿ. ಉಸಿರಿನ ನಳಿಕೆ ಹಾಕುವಾಗ ಎಲ್ಲರಿಗೂ ಮಾಡುವಂತೆ ತಲೆ ಹಿಂದಕ್ಕೆ ಬಾಗಿಸಿದರೆ ಇವಳ ಬೆನ್ನುಹುರಿಗೇ ಪೆಟ್ಟಾಗಬಹುದು. ಇಂಥವರಿಗೆ ಕುತ್ತಿಗೆ ಅಲುಗಿಸದೆ, ಕ್ಯಾಮೆರಾ ನಳಿಕೆಯಿಂದ ದಾರಿ ನೋಡಿಕೊಂಡು ಹಾಕುವ ಕ್ರಮವಿದೆ. ಕಾಸರಗೋಡಿನಲ್ಲಾಗಲಿ ಮಂಗಳೂರಿನಲ್ಲಾಗಲಿ, ಎಂಆರ್‌ಐ ಮತ್ತು ಕುತ್ತಿಗೆಯ ಎಕ್ಸ್‌ರೇ ಫೈಲು ಜೊತೆಗೇ ಕೊಂಡುಹೋಗಿ ಅರಿವಳಿಕೆ ಡಾಕ್ಟರ ಕೈಗೇ ಕೊಡಿ.